ಪೆಟ್ಟಿಗೆ ಮೇಲೆ ಬಾಂಬ್ ಇದೆ, ಒಳಗಿಲ್ಲ

ಮಗಳು ಹುಟ್ಟುಹಬ್ಬಕ್ಕೆ ಮಿರಾಜ್ 2000 ವಿಮಾನದ ಪ್ಲಾಸ್ಟಿಕ್ ಕಿಟ್ ಕೊಡಿಸಿದಳು. 1:72 ಅಳತೆ, ಬೆಲೆ 1,400 ರೂಪಾಯಿ. ಪೆಟ್ಟಿಗೆಯ ಮೇಲೆ ಹಿಮದ ಬೆಟ್ಟ, ನಮ್ಮ ವಾಯುಪಡೆಯ ಗುರುತು, ಹೊಟ್ಟೆಯಡಿ ಲೇಸರ್ ಬಾಂಬು. ಕಾರ್ಗಿಲ್ ಅಂತ ಬೇರೆ ಹೇಳಬೇಕಿಲ್ಲ, ಅಲ್ವಾ?

ಆಕಾರ ಚೆನ್ನಾಗಿದೆ. ಸ್ಕೇಲ್ ಹಿಡಿದು ನೋಡಿದೆ, ರೆಕ್ಕೆಯ ತುದಿಯಿಂದ ತುದಿಗೆ 12.7 ಸೆಂ.ಮೀ. ನಿಜವಾದದ್ದು 9.13 ಮೀಟರ್. ಲೆಕ್ಕ ಸರಿಹೋಯಿತು. ಗಾಜಿನ ಮುಂದೆ ಕೊಂಬಿನಂತೆ ನಿಲ್ಲುವ ಇಂಧನ ಕೊಳವೆಯೂ ಇದೆ. (ಕತ್ತರಿಸುವಾಗ ನಾನೇ ಮುರಿದೆ, ಅದು ಕಂಪನಿಯ ತಪ್ಪಲ್ಲ.) ಮೈಯ ಎರಡು ಹೋಳು ಕೂಡುವಲ್ಲಿ ಮಾತ್ರ ಅಕ್ಕಿಕಾಳು ತೂರುವಷ್ಟು ಸಂದು. ಪುಟ್ಟಿ ತುಂಬಿ ಉಜ್ಜಲು ಎರಡು ಸಂಜೆ ಹೋಯಿತು. ಸ್ಟಿಕ್ಕರಿನ ಕೇಸರಿ ಇಟ್ಟಿಗೆ ಬಣ್ಣಕ್ಕಿದೆ.

ನನ್ನ ಜಗಳ ಇರುವುದು ರೆಕ್ಕೆಯ ಕೆಳಗೆ. ನಾನು ವಾಯುಪಡೆಯಲ್ಲಿ ಆರ್ಮರರ್, ಅಂದರೆ ವಿಮಾನಕ್ಕೆ ಬಾಂಬು, ಕ್ಷಿಪಣಿ ಕಟ್ಟುವವನಾಗಿದ್ದೆ, ವಿಮಾನವನ್ನು ನೋಡಿದ್ದೇ ಜಾಸ್ತಿ ಕೆಳಗಿನಿಂದ. ಕಿಟ್‌ನಲ್ಲಿರುವುದು ಶತ್ರು ವಿಮಾನ ಹೊಡೆಯುವ ಕ್ಷಿಪಣಿಗಳು ಮತ್ತು ಇಂಧನದ ಟ್ಯಾಂಕುಗಳು. ಕಾರ್ಗಿಲ್‌ನಲ್ಲಿ ಹೊಡೆಯಬೇಕಿದ್ದದ್ದು ಬೆಟ್ಟದ ತುದಿಯ ಬಂಕರು! 1999ರ ಮೇ 27ರಂದು ಒಂದು ಮಿಗ್-27, ಒಂದು ಮಿಗ್-21 ವಿಮಾನ ಕಳೆದುಕೊಂಡೆವು. ಮರುದಿನ ಎಂಐ-17 ಹೆಲಿಕಾಪ್ಟರ್. ಆಮೇಲೆ ಭುಜದ ಮೇಲಿಟ್ಟು ಹಾರಿಸುವ ಕ್ಷಿಪಣಿಗೆ ಎಟುಕದಷ್ಟು ಎತ್ತರದಲ್ಲೇ ಹಾರಾಟ. ನಿಯಂತ್ರಣ ರೇಖೆ ದಾಟುವಂತೆಯೂ ಇಲ್ಲ. ಜೂನ್ 17ರಂದು ಮಿರಾಜ್‌ಗಳು ಮುಂಥೋ ಧಾಲೋದಲ್ಲಿದ್ದ ಶತ್ರುವಿನ ದೊಡ್ಡ ಶಿಬಿರವನ್ನು ಮಾಮೂಲಿ ಬಾಂಬುಗಳಿಂದಲೇ ಹಾಳುಮಾಡಿದವು. ಆದರೆ ಅಷ್ಟು ಎತ್ತರದಿಂದ ಸಣ್ಣ ಬಂಕರಿಗೆ ಗುರಿಯಿಡಲು ಅದು ಸಾಲದು. ವಿಮಾನದಡಿ ಕಟ್ಟುವ ಲೈಟ್ನಿಂಗ್ ಪಾಡ್ ಎಂಬ ಕೊಳವೆಯಾಕಾರದ ಸಾಧನ ಗುರಿಯ ಮೇಲೆ ಲೇಸರ್ ಚುಕ್ಕೆ ಇಡುತ್ತದೆ, ಬಾಂಬು ಆ ಚುಕ್ಕೆಯನ್ನೇ ಹಿಡಿದು ಇಳಿಯುತ್ತದೆ. ಜೂನ್ 24ರಂದು ಟೈಗರ್ ಹಿಲ್‌ಗೆ ಬಿದ್ದದ್ದು ಅಂಥ 1,000 ಪೌಂಡಿನ ಬಾಂಬು. ಅದನ್ನು ಹಾಕಿದ್ದು ಎರಡು ಸೀಟಿನ ಮಿರಾಜ್. ಈ ಕಿಟ್‌ನಲ್ಲಿ ಒಂದೇ ಸೀಟು.

ಪಾಡೂ ಇಲ್ಲ, ಬಾಂಬೂ ಇಲ್ಲ ಅಂದಮೇಲೆ ಪೆಟ್ಟಿಗೆಯ ಚಿತ್ರ ಯಾಕೆ? ಅಂಗಡಿಯವನನ್ನು ಕೇಳಿದರೆ, "ಸಾರ್, ಅದು ಬೇರೆ ಸೆಟ್ಟು, ಸ್ಟಾಕ್ ಇಲ್ಲ" ಅಂದ.

5ಕ್ಕೆ 3 ಅಂಕ ಕೊಡುತ್ತೇನೆ. ವಿಮಾನ ಕಟ್ಟುವ ಖುಷಿಗೆ ತಗೊಳ್ಳಬಹುದು. ಪಾಡನ್ನು ನಾನೇ ಮಾಡಿಕೊಂಡೆ: ತೆಳ್ಳಗಿನ ಬಾಲ್‌ಪೆನ್ನಿನ ಕೊಳವೆ 3 ಸೆಂ.ಮೀ. ಕತ್ತರಿಸಿ, ಮೂತಿಗೆ ಎಂಸೀಲ್ ಉಂಡೆ. ಸ್ವಲ್ಪ ಸೊಟ್ಟಗೆ ಅಂಟಿದೆ. ನಮ್ಮ ವಾರಂಟ್ ಆಫೀಸರ್ ನೋಡಿದ್ದರೆ ಬಿಚ್ಚಿಸಿ ಮತ್ತೆ ಕಟ್ಟಿಸುತ್ತಿದ್ದರು.