ಅಂಕೋಲಾ ರಸ್ತೆ ಬದಿಯ ಇಶಾಡ್ ರಸದ ಅಂಗಡಿ

ಅಂಕೋಲಾದಿಂದ ಹುಬ್ಬಳ್ಳಿ ಕಡೆ ಹೊರಟರೆ ಎಡಕ್ಕೆ ಒಂದು ಹಂಚಿನ ಮಾಡಿನ ಅಂಗಡಿ ಸಿಗುತ್ತದೆ. ಹೆಸರಿನ ಬೋರ್ಡ್ ಇಲ್ಲ. ಹಲಗೆ ಮೇಲೆ ಸುಣ್ಣದಲ್ಲಿ ‘ಇಶಾಡ್ ರಸ ಇದೆ’ ಅಂತ ಬರೆದಿದ್ದಾರೆ, ಅಷ್ಟೇ.

ಕರಿ ಇಶಾಡ್ ನಮ್ಮ ಅಂಕೋಲಾ ಸೀಮೆಯ ಮಾವು. ಸಿಪ್ಪೆ ತೆಳು, ತಿರುಳು ಜಾಸ್ತಿ. ಮೇ ತಿಂಗಳಲ್ಲಿ ಬಂದು ಮಳೆ ಹಿಡಿಯುವಷ್ಟರಲ್ಲಿ ಮುಗಿದೇ ಹೋಗುತ್ತದೆ. ಹಣ್ಣಾದ ಮೇಲೆ ದೂರದ ಪೇಟೆಗೆ ಕಳಿಸಿದರೆ ದಾರಿಯಲ್ಲೇ ಜಜ್ಜಿಹೋಗುತ್ತದೆ. 2023ರಲ್ಲಿ ಜಿಐ, ಅಂದರೆ ಇದು ಈ ಸೀಮೆಯದೇ ಬೆಳೆ ಅನ್ನುವ ಮಾನ್ಯತೆ ಸಿಕ್ಕಿತು, ಬಹಳ ಖುಷಿಯಾಯಿತು. ಆದರೂ ಹಣ್ಣಿನ ಸ್ವಭಾವ ಅದೇ ತಾನೇ? ಅದಕ್ಕೇ ಇಲ್ಲಿ ರಸ ತೆಗೆದು ಬಾಟಲಿಗೆ ತುಂಬುತ್ತಾರೆ.

ನಾನು ತಂದ ಬಾಟಲಿ ಮುಚ್ಚಳ ತೆಗೆದ ಕೂಡಲೇ ಅಡುಗೆಮನೆ ತುಂಬಾ ವಾಸನೆ. ಚಮಚ ಓರೆ ಹಿಡಿದರೂ ರಸ ಒಮ್ಮೆಲೇ ಬೀಳುವುದಿಲ್ಲ, ನಿಧಾನ ಇಳಿಯುತ್ತದೆ. ಹಲ್ಲಿಗೆ ನಾರು ಸಿಗಲಿಲ್ಲ. ಸಕ್ಕರೆ ಹಾಕಿದ್ದಾರೆ, ಆದರೆ ಹಣ್ಣಿನ ರುಚಿ ಮುಚ್ಚುವಷ್ಟು ಅಲ್ಲ. ತೆಳ್ಳೇವಿನ (ತೆಳು ದೋಸೆ) ಜೊತೆ ತಿಂದೆವು. ಮೊಮ್ಮಗ ಬಟ್ಟಲು ನೆಕ್ಕಿದ.

ಈ ಅಂಗಡಿಯವರು ನನಗೆ ಹಳೇ ಪರಿಚಯ. ಕಬ್ಬಿಣದ ಅದಿರಿನ ಕಾಲದಲ್ಲಿ ಇದೇ ಜಾಗದಲ್ಲಿ ಅವರದ್ದು ಚಹಾ ಗೂಡು ಇತ್ತು. ಬಳ್ಳಾರಿ, ಹೊಸಪೇಟೆಯಿಂದ ಅದಿರು ಹೊತ್ತ ಲಾರಿಗಳು ಅರಬೈಲ್ ಘಟ್ಟ ಇಳಿದು ಬೇಲೇಕೇರಿ ಬಂದರಿಗೆ ಹೋಗುತ್ತಿದ್ದವು. ಅದರಲ್ಲಿ ನನ್ನದೂ ಒಂದು ಲಾರಿ. ಸಾಲು ನಿಂತರೆ ರಾತ್ರಿಯಿಡೀ ಚಹಾ ಮಾರಾಟ. ಲೋಟ ತೊಳೆದ ನೀರೂ ಕೆಂಪು, ಮರದ ಎಲೆಯೂ ಕೆಂಪು. 2010ರ ಜುಲೈನಲ್ಲಿ ರಾಜ್ಯ ಸರ್ಕಾರ ಅದಿರು ರಫ್ತು ನಿಲ್ಲಿಸಿತು. ಮರುವರ್ಷ ಬಳ್ಳಾರಿಯ ಗಣಿಗಾರಿಕೆಯನ್ನೇ ಸುಪ್ರೀಂ ಕೋರ್ಟ್ ನಿಲ್ಲಿಸಿತು. ರಸ್ತೆ ಖಾಲಿ. ಅಕ್ರಮ ಗಣಿಗಾರಿಕೆ ನಿಲ್ಲಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಚಹಾದವರು, ಗ್ಯಾರೇಜಿನವರು, ಟಯರ್ ಪಂಕ್ಚರ್ ಹಾಕುವವರು, ಎಲ್ಲರ ಒಲೆಯೂ ಒಂದೇ ಲಾರಿ ಸಾಲಿನ ಮೇಲೆ ಉರಿಯುತ್ತಿತ್ತು. ನನ್ನ ಲಾರಿ ಕಂತು ಕಟ್ಟಲಾಗದೆ ಸಾಲ ಕೊಟ್ಟವರ ಪಾಲಾಯಿತು.

ನಾರ್ವೆ ದೇಶ ಸಮುದ್ರದಡಿಯ ಎಣ್ಣೆ ದುಡ್ಡನ್ನು 1996ರಿಂದ ಬೇರೆ ನಿಧಿಯಲ್ಲಿ ಕೂಡಿಡುತ್ತಾ ಬಂತು. ಎಣ್ಣೆ ಮುಗಿದರೂ ಮಕ್ಕಳಿಗೆ ಉಳಿಯಲಿ ಅಂತ. ನಮ್ಮಲ್ಲಿ ಅದಿರಿನ ದುಡ್ಡು ಬಂದಾಗ ಎಲ್ಲರೂ ಇನ್ನೊಂದು ಲಾರಿ ತೆಗೆದುಕೊಂಡೆವು. ಆಗಲೇ ಊರಲ್ಲಿ ಹಣ್ಣಿನ ರಸ ತೆಗೆಯುವ ಘಟಕಕ್ಕೋ, ಮೀನು ಕೆಡದ ಹಾಗೆ ಇಡುವ ಶೀತಲಗೃಹಕ್ಕೋ ನಾಲ್ಕು ಕಾಸು ಹಾಕಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಈ ಅಂಗಡಿ ಮುಂದೆ ನಿಂತಾಗಲೆಲ್ಲ ಅನಿಸುತ್ತದೆ.

ಇವರು ಒಂದನ್ನೇ ನಂಬಿ ಕೂತಿಲ್ಲ. ಬೇಸಿಗೆಯಲ್ಲಿ ಇಶಾಡ್, ಮುರುಗಲು (ಕೋಕಂ). ಕುಮಟಾದ ಸಿಹಿ ಈರುಳ್ಳಿ ಜಡೆ ತೂಗುಹಾಕಿರುತ್ತಾರೆ. ಸಾಣಿಕಟ್ಟಾ ಉಪ್ಪು ವರ್ಷವಿಡೀ. ಹಾಲಕ್ಕಿ ಸಮುದಾಯದ ಹೆಂಗಸರು ಬೆಳೆದ ಬಸಳೆ, ಹರಿವೆ ಬೆಳಿಗ್ಗೆ ಬಂದು ಹತ್ತು ಗಂಟೆಗೆ ಖಾಲಿ. ಮುರುಗಲು ಸಿಪ್ಪೆ ಚೆನ್ನಾಗಿ ಒಣಗಿದೆ. ಬೀಜದ ತುಪ್ಪವೂ ಇದೆ, ಒಡೆದ ಹಿಮ್ಮಡಿಗೆ ನನ್ನ ಹೆಂಡತಿ ಅದನ್ನೇ ಹಚ್ಚುವುದು. ‘ಈ ವರ್ಷ ಮಾವಿನ ಹೂವು ಉದುರಿತು, ಉಪ್ಪು ಮತ್ತು ಸೊಪ್ಪು ಕೈ ಹಿಡಿಯಿತು’ ಅಂದರು ಅಂಗಡಿಯ ಅಕ್ಕ.

ಕೊರತೆಯೂ ಇದೆ. ಒಂದು ಬಾಟಲಿ ಮುಚ್ಚಳ ಸಡಿಲವಾಗಿ ಚೀಲದಲ್ಲೇ ಸೋರಿತು. ಹೇಳಿದ್ದಕ್ಕೆ ಬೇರೆ ಕೊಟ್ಟರು, ಆದರೆ ದೂರ ಹೋಗುವವರು ವಾಪಸ್ ಬರೋಕಾಗುತ್ತಾ? ತಯಾರಿಸಿದ ತಾರೀಕು ಚೀಟಿ ಮೇಲೆ ಪೆನ್ನಿನಲ್ಲಿ ಬರೆದಿದ್ದಾರೆ, ಒದ್ದೆಯಾದರೆ ಅಳಿಸಿಹೋಗುತ್ತದೆ. ಮುರುಗಲು ಶರಬತ್ತು ನನಗೆ ತುಂಬಾ ಸಿಹಿ. ಸಿಪ್ಪೆ ತಂದು ಮನೆಯಲ್ಲೇ ಮಾಡಿಕೊಳ್ಳಿ.

ಲಾರಿಯವರಿಗೆ ಈಗಲೂ ಚಹಾ ಸಿಗುತ್ತದೆ, ಶುಂಠಿ ಜಜ್ಜಿ ಹಾಕಿದ್ದು. ರಸ ಬೇಕಿದ್ದರೆ ಮಳೆಗಾಲ ಜೋರಾಗುವ ಮೊದಲೇ ಹೋಗಿ. ನಾನು ಹುಬ್ಬಳ್ಳಿಯ ಮಗಳಿಗೆ ಅಂತ ಆರು ಬಾಟಲಿ ಹೇಳಿ ಬಂದಿದ್ದೇನೆ, ಮುಚ್ಚಳ ಬಿಗಿ ನೋಡಿ ಕೊಡಿ ಅಂತಲೂ ಹೇಳಿದ್ದೇನೆ.