ಆರೋಗ್ಯ ಸಂಜೀವನಿ ಪಾಲಿಸಿ: ಬಂಡೆ ಹತ್ತುವವರಿಗೆ ಎಷ್ಟು ಆಸರೆ?

ಬಾದಾಮಿ, ರಾಮನಗರದ ಬಂಡೆ ಹತ್ತುವವರು ಈ ಆರೋಗ್ಯ ವಿಮಾ ಪಾಲಿಸಿ ಕೊಳ್ಳುವ ಮುನ್ನ ‘ಎಕ್ಸ್‌ಕ್ಲ್ 09’ ಎಂಬ, ವಿಮೆ ಯಾವುದಕ್ಕೆ ಸಿಗದು ಎಂದು ಹೇಳುವ ಷರತ್ತು ಓದಲೇಬೇಕು. ರಾಕ್ ಕ್ಲೈಂಬಿಂಗ್, ರಾಫ್ಟಿಂಗ್, ಮೋಟಾರ್ ರೇಸಿಂಗ್‌ನಂಥವುಗಳಲ್ಲಿ ವೃತ್ತಿಪರರಾಗಿ ಭಾಗವಹಿಸಿ ಗಾಯಗೊಂಡರೆ ಕ್ಲೇಮ್ ಸಿಗುವುದಿಲ್ಲ. ‘ವೃತ್ತಿಪರರಾಗಿ’ ಎಂಬ ಒಂದೇ ಪದದ ಮೇಲೆ ಎಲ್ಲ ನಿಂತಿದೆ. ಹವ್ಯಾಸಕ್ಕೆ ಹತ್ತಿದ್ದಾದರೆ ಆಸ್ಪತ್ರೆಯ ಕಾಗದಗಳಲ್ಲಿ ಹಾಗೆಯೇ ಬರೆಸಿ.

ಪಾಲಿಸಿ ಕೊಂಡ ಮೇಲೆ ಕಾಯಿಲೆಗಳಿಗಿರುವ 30 ದಿನಗಳ ಕಾಯುವಿಕೆ ಅಪಘಾತಕ್ಕಿಲ್ಲ, ಇದು ನಿಜಕ್ಕೂ ಒಳ್ಳೆಯದು. ಆದರೆ ಪ್ರತಿ ಕ್ಲೇಮಿನಲ್ಲೂ ಶೇ 5 ನಮ್ಮ ಕೈಯಿಂದ: 3 ಲಕ್ಷ ಮಂಜೂರಾದರೆ 15,000 ನಾವೇ ಕಟ್ಟಬೇಕು. ಐಸಿಯುಗೆ ದಿನಕ್ಕೆ ಗರಿಷ್ಠ 10,000 ರೂಪಾಯಿ. ತಲೆಗೆ ಪೆಟ್ಟು ಬಿದ್ದವರಿಗೆ ಖಾಸಗಿ ಆಸ್ಪತ್ರೆಯಲ್ಲಿ ಇದು ಸಾಲದು. ಆಂಬುಲೆನ್ಸ್‌ಗೆ 2,000, ಅಷ್ಟೇ.

ಹಾಗಾಗಿ ಹೆಲ್ಮೆಟ್‌ಗೆ ಜಿಪುಣತನ ಬೇಡ. ಪರ್ವತಾರೋಹಣದ ಹೆಲ್ಮೆಟ್‌ಗಳ ಯುರೋಪಿಯನ್ ಮಾನದಂಡವಾದ ಇಎನ್ 12492 ಗುರುತು ನೋಡಿ ಕೊಳ್ಳಿ. ಒಳಗಿನ ಥರ್ಮೋಕೋಲ್‌ನಂಥ ಫೋಮ್ ಒಮ್ಮೆ ಅಪ್ಪಚ್ಚಿಯಾದರೆ ಮತ್ತೆ ಉಬ್ಬದು. ಜೋರು ಪೆಟ್ಟು ಬಿದ್ದ ಮೇಲೆ ಬಿರುಕು ಕಾಣದಿದ್ದರೂ ಬದಲಿಸಿ.