ಹಳೇ ಕಾರಿಗೆ ಒಂದು ಅಗ್ಗದ ಮಲ್ಟಿಮೀಟರ್: ಕೆಲವು ಮಳೆಗಾಲ ಬಳಸಿದ ಮೇಲೆ

ಬೆಂಗಳೂರಿನ ಎಸ್‌.ಪಿ. ರೋಡ್‌ನಲ್ಲಿ ಸಾವಿರ ರೂಪಾಯಿ ಒಳಗೆ ತಂದ ಡಿಜಿಟಲ್ ಮಲ್ಟಿಮೀಟರ್ (ವೋಲ್ಟ್, ಕರೆಂಟ್ ಅಳೆಯುವ ಮೀಟರ್) ಇದು. ಹಳೇ ಕಾರು ಇಟ್ಟುಕೊಂಡವರು ಧೈರ್ಯವಾಗಿ ತಗೊಳ್ಳಿ. ಆದರೆ ವೈರ್ ತುಂಡಾಗಿಲ್ಲ ಎಂದು ಹೇಳುವ ಅದರ 'ಬೀಪ್' ನಂಬಬೇಡಿ.

ನನ್ನ ಕಾರಿನ ಕಾಯಿಲೆ ಹೀಗಿತ್ತು. ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್. ಮಧ್ಯಾಹ್ನ ಇಂಜಿನ್ ಬಿಸಿಯಿದ್ದಾಗ ಕೀ ತಿರುಗಿಸಿದರೆ ಕೆಲವೊಮ್ಮೆ ಬರೀ 'ಟಕ್'. ಗ್ಯಾರೇಜಿಗೆ ಒಯ್ದರೆ ಸಾಧು ಹಸುವಿನ ಹಾಗೆ ಹೇಳಿದಂತೆ ಕೇಳುತ್ತಿತ್ತು. ಬ್ಯಾಟರಿ ಹೋಗಿದೆ ಅಂದರು. ಹೊಸದು ಹಾಕಿಸಿದ್ದಾಯಿತು, ಟಕ್ ಮಾತ್ರ ಹೋಗಲಿಲ್ಲ.

ಮೀಟರ್ ಹಿಡಿದು ನೋಡಿದೆ. ಇಂಜಿನ್ ಆಫ್ ಇದ್ದಾಗ 12.6 ವೋಲ್ಟ್, ಓಡುವಾಗ 14.2. ಬ್ಯಾಟರಿಯೂ ಚಾರ್ಜಿಂಗೂ ಸರಿಯಾಗಿಯೇ ಇವೆ. ಬ್ಯಾಟರಿಯ ಮೈನಸ್ ಅನ್ನು ಇಂಜಿನ್‌ಗೆ ಜೋಡಿಸುವ ಅರ್ಥಿಂಗ್ ಕೇಬಲ್‌ನ ಎರಡೂ ತುದಿಗೆ ಪ್ರೋಬ್ (ಮೀಟರ್ ವೈರಿನ ಚೂಪು ಕಡ್ಡಿ) ಇಟ್ಟರೆ ಬೀಪ್ ಅಂತು. ಮೋಸ ಇರುವುದೇ ಇಲ್ಲಿ. ಆ ಬೀಪ್‌ಗೆ ಒಂದೆರಡು ಮಿಲಿಆಂಪ್ ಸಾಕು, ಕೇಬಲ್‌ನಲ್ಲಿ ಒಂದು ಎಳೆ ಉಳಿದಿದ್ದರೂ ಕರೆಂಟ್ ದಾಟಿಬಿಡುತ್ತದೆ. ಸೆಲ್ಫ್ ಮೋಟರ್ ಕೇಳುವುದು ನೂರು ಆಂಪ್‌ಗಿಂತ ಜಾಸ್ತಿ.

ಹಾಗಾಗಿ ಲೋಡ್ ಇದ್ದಾಗಲೇ, ಅಂದರೆ ಸೆಲ್ಫ್ ಕರೆಂಟ್ ಎಳೆಯುವಾಗಲೇ ಅಳೆಯಬೇಕು. ಗೇರ್ ನ್ಯೂಟ್ರಲ್, ಮೀಟರ್ ಡಿಸಿ ವೋಲ್ಟ್‌ನಲ್ಲಿ. ಒಂದು ಪ್ರೋಬ್ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಇಂಜಿನ್‌ನ ಬರಿ ಲೋಹಕ್ಕೆ. ಮನೆಯವರು ಯಾರಾದರೂ ಸೆಲ್ಫ್ ಹೊಡೆಯಲಿ. ಆಗ ಕಾಣುವುದು ದಾರಿಯಲ್ಲಿ ಕಳೆದುಹೋಗುವ ವೋಲ್ಟ್, ಅದು ಅರ್ಧ ವೋಲ್ಟ್ ಒಳಗಿದ್ದರೆ ಚಿಂತೆಯಿಲ್ಲ. ನನ್ನದು ಟಕ್ ಅಂದಾಗ 3 ವೋಲ್ಟ್ ದಾಟಿತು! ಗೇರ್‌ಬಾಕ್ಸ್ ಪಕ್ಕದ ಬೋಲ್ಟ್ ಬಿಚ್ಚಿದರೆ ಲಗ್ (ಕೇಬಲ್ ತುದಿಯ ಲೋಹದ ಬಳೆ) ಕೆಳಗೆ ಹಸಿರು ಪುಡಿ. ಕೇಬಲ್ ಹೊರಗೆ ನೋಡಲು ಚೆನ್ನಾಗಿಯೇ ಇತ್ತು, ಒಳಗೆ ಅರ್ಧ ಎಳೆಗಳು ಮುರಿದಿದ್ದವು. ಹೊಸ ಕೇಬಲ್ ಹಾಕಿ, ಜಾಗವನ್ನು ಉಪ್ಪುಕಾಗದದಲ್ಲಿ ಉಜ್ಜಿ ಬಿಗಿ ಮಾಡಿದ ಮೇಲೆ ಆ ಟಕ್ ಮತ್ತೆ ಕೇಳಿಲ್ಲ.

ಮೀಟರ್ ಬಗ್ಗೆ ದೂರೂ ಇದೆ. ಜೊತೆಗೆ ಬಂದ ಪ್ರೋಬ್ ವೈರ್ ತೀರಾ ಕಳಪೆ. ಬುಡದಲ್ಲಿ ಒಳಗೇ ಕಿತ್ತು ಅಂಕಿ ಕುಣಿಯತೊಡಗಿತು. ಲೂಸ್ ಕನೆಕ್ಷನ್ ಹುಡುಕಲು ತಂದದ್ದಕ್ಕೇ ಲೂಸ್ ಕನೆಕ್ಷನ್, ಹೇಗಿದೆ ನೋಡಿ! ಸಿಲಿಕೋನ್ ವೈರ್ ಬೇರೆ ತಂದೆ. ಅತಿ ಕಡಿಮೆ, ಅತಿ ಹೆಚ್ಚು ಅಂಕಿಯನ್ನು ಹಿಡಿದಿಡುವ ಮಿನ್-ಮ್ಯಾಕ್ಸ್ ಬಟನ್ ಇಲ್ಲದಿರುವುದು ಇನ್ನೊಂದು ಕೊರತೆ. ಸ್ಕ್ರೀನ್ ಸೆಕೆಂಡಿಗೆ ಎರಡು ಮೂರು ಸಲ ಮಾತ್ರ ಬದಲಾಗುವುದರಿಂದ ಕ್ಷಣಕ್ಕೆ ಬಂದು ಹೋಗುವ ತೊಂದರೆ ತಪ್ಪಿಸಿಕೊಳ್ಳುತ್ತದೆ. ಅದಕ್ಕೆ ವೈರ್ ಅಲ್ಲಾಡಿಸುತ್ತಾ 12 ವೋಲ್ಟ್ ಟೆಸ್ಟ್ ಲ್ಯಾಂಪ್ ನೋಡುವುದೇ ಮೇಲು.

ರಾತ್ರಿ ಬ್ಯಾಟರಿ ಇಳಿಯುವುದನ್ನು ಹುಡುಕಲು ಆಂಪ್ ಮೋಡ್‌ನಲ್ಲಿ ಸೀರೀಸ್‌ಗೆ (ಕರೆಂಟೆಲ್ಲ ಮೀಟರ್ ಮೂಲಕವೇ ಹರಿಯುವಂತೆ) ಹಾಕಿದಾಗ ಕೀ ಮುಟ್ಟಲೇಬೇಡಿ, ಸೆಲ್ಫ್ ಎಳೆಯುವ ಕರೆಂಟೂ ಮೀಟರ್ ಒಳಗೇ ನುಗ್ಗುತ್ತದೆ. ಅಗ್ಗದ ಮೀಟರ್‌ಗಳ 10 ಆಂಪ್ ತೂತಿಗೆ ಎಷ್ಟೋ ಸಲ ಫ್ಯೂಸೇ ಇರುವುದಿಲ್ಲ.